ಶಾರದಾಷ್ಟಮಿಗೆ ತೀತ್ವಾಲ್ ತಲುಪಬೇಕು

ಈ ಸಲ ಗೌರಿ ಗಣೇಶ ಹಬ್ಬ ಮುಗಿಸಿಕೊಂಡು ಕಾಶ್ಮೀರಕ್ಕೆ ಹೊರಡುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ದಾಲ್ ಸರೋವರ, ಗುಲ್ಮಾರ್ಗ್ ನಮ್ಮ ಪಟ್ಟಿಯಲ್ಲಿಲ್ಲ. ಭಾದ್ರಪದ ಶುಕ್ಲ ಅಷ್ಟಮಿಯ ದಿನ ಗಡಿಯ ಊರಾದ ತೀತ್ವಾಲ್‌ನ ಶಾರದೆಯ ಮುಂದೆ ನಿಂತಿರಬೇಕು, ಅಷ್ಟೇ ಸಂಕಲ್ಪ. ಉಳಿದ ದಿನಗಳೆಲ್ಲ ಆ ಒಂದು ದಿನಕ್ಕೆ ಹೊಂದಿಕೊಳ್ಳಬೇಕು.

ಅದೇ ಅಷ್ಟಮಿ ಯಾಕೆ ಅಂದರೆ, ಕಾಶ್ಮೀರಿ ಪಂಡಿತರು ತಲೆತಲಾಂತರದಿಂದ ಶಾರದಾ ಪೀಠಕ್ಕೆ ಯಾತ್ರೆ ಹೋಗುತ್ತಿದ್ದದ್ದು ಅವತ್ತು. ಕಿಶನ್‌ಗಂಗಾ ನದಿಗೆ ಮಧುಮತಿ ಬಂದು ಸೇರುವ ಕಡೆ ಆ ಪೀಠ ಇದೆ. ಈಗ ಅದು ಗಡಿ ನಿಯಂತ್ರಣ ರೇಖೆಯ ಆಚೆ. ಚಾವಣಿಯಿಲ್ಲ, ಮೂರ್ತಿಯಿಲ್ಲ, ದಪ್ಪ ಕಲ್ಲಿನ ಗೋಡೆಗಳು ಮಾತ್ರ ನಿಂತಿವೆ. ನಾವು ಅಲ್ಲಿಗೆ ಹೋಗುವ ಹಾಗಿಲ್ಲ. ಹೋಗಬಹುದಾದ ಕೊನೆಯ ಊರು ತೀತ್ವಾಲ್. ಹಿಂದೆ ಯಾತ್ರಿಕರು ತಂಗಿ ಮುಂದೆ ಹೋಗುತ್ತಿದ್ದ ಊರೂ ಅದೇ.

‘ನಮಸ್ತೇ ಶಾರದಾದೇವಿ ಕಾಶ್ಮೀರಪುರವಾಸಿನಿ’ ಅಂತ ನಾವೆಲ್ಲ ಮಾತು ಬಂದಾಗಿನಿಂದ ಹೇಳಿಕೊಂಡು ಬಂದವರು, ಅಲ್ವಾ? ನಮ್ಮ ಮಗಳ ಅಕ್ಷರಾಭ್ಯಾಸ ಶೃಂಗೇರಿಯಲ್ಲಿ ಆಯಿತು. ತಟ್ಟೆಯಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು ಬರೆಸುವಾಗ ಅವಳು ಅಕ್ಕಿ ಕಾಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದುಬಿಟ್ಟಳು. ಬರೆದ ಓಂಕಾರ ಅರ್ಧ ಅಳಿಸಿಹೋಯಿತು. ಮತ್ತೆ ಹರಡಿ ಮತ್ತೆ ಬರೆಸಿದೆವು. ಅವತ್ತು ಈ ಶ್ಲೋಕ ಹೇಳುತ್ತಿದ್ದ ಅತ್ತೆ, ‘ಅಮ್ಮನ ತವರು ಕಾಶ್ಮೀರ. ನಾವು ಒಂದು ಸಲವಾದರೂ ಅಲ್ಲಿಗೆ ಹೋಗಿ ಬರಬೇಕಮ್ಮ’ ಅಂದಿದ್ದರು. ಆ ಮಾತು ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಶಂಕರಾಚಾರ್ಯರು ಶೃಂಗೇರಿಯಲ್ಲಿ ಶ್ರೀಗಂಧದ ಶಾರದೆಯನ್ನು ಪ್ರತಿಷ್ಠಾಪಿಸಿದರು ಅನ್ನುವುದು ನಮ್ಮ ನಂಬಿಕೆ. ಆ ಅಮ್ಮ ಮತ್ತೆ ಉತ್ತರಕ್ಕೆ ಹೊರಟದ್ದು 2023ರಲ್ಲಿ. 1947ರ ದಾಳಿಯಲ್ಲಿ ತೀತ್ವಾಲ್‌ನ ಹಳೆಯ ಗುಡಿ ಸುಟ್ಟುಹೋಗಿತ್ತು. ಅದೇ ಜಾಗವನ್ನು ಊರಿನವರು ಬಿಟ್ಟುಕೊಟ್ಟರು, ಹೊಸ ಗುಡಿ ಎದ್ದಿತು. ಅದಕ್ಕೆ ಪಂಚಲೋಹದ ಮೂರ್ತಿ ಹೋದದ್ದು ಶೃಂಗೇರಿ ಮಠದಿಂದ. ಗುಡಿ ತೆರೆದದ್ದು 2023ರ ಮಾರ್ಚ್ 22ಕ್ಕೆ. ಅವತ್ತು ನಮಗೆ ಯುಗಾದಿ, ಕಾಶ್ಮೀರಿ ಪಂಡಿತರಿಗೆ ನವ್ರೇಹ್. ಎರಡೂ ಹೊಸ ವರ್ಷವೇ. ಆ ಸುದ್ದಿ ಓದಿದಾಗ ನನ್ನ ಕಣ್ಣು ತುಂಬಿ ಬಂತು. ತುಂಗೆಯ ದಡದವಳೂ ಕಿಶನ್‌ಗಂಗೆಯ ದಡದವಳೂ ಒಬ್ಬಳೇ ತಾಯಿ ಅಂತ ಗೊತ್ತಿದ್ದರೂ, ಅದು ಹೀಗೆ ಕಣ್ಣೆದುರಿಗೆ ಆಗುತ್ತದೆ ಅಂದುಕೊಂಡಿರಲಿಲ್ಲ.

ಈಗ ಲೆಕ್ಕ ಹೀಗಿದೆ. ಚೌತಿಯ ಸಂಜೆಯೇ ನಮ್ಮಲ್ಲಿ ಗಣಪತಿ ಬಿಡುವುದು. ಪಂಚಮಿಯ ದಿನ ವಿಮಾನದಲ್ಲಿ ಶ್ರೀನಗರ. ಈಗ ಕಟ್ರಾದಿಂದ ರೈಲೂ ಇದೆ, ಚೆನಾಬ್ ಸೇತುವೆ ಮೇಲೆ ಹೋಗಬಹುದು. ಆದರೆ ಹೋಗುವಾಗ ತಿಥಿ ತಪ್ಪಬಾರದು ಅಂತ ವಿಮಾನ. ಒಮ್ಮೊಮ್ಮೆ ತಿಥಿ ಹಿಂದುಮುಂದಾಗುತ್ತದೆ, ಆದ್ದರಿಂದ ಪಂಚಾಂಗ ನೋಡದೆ ಟಿಕೆಟ್ ಮಾಡುವ ಹಾಗಿಲ್ಲ.

ಷಷ್ಠಿಯನ್ನು ಪೂರ್ತಿ ಪಾಳುಗುಡಿಗಳಿಗೆ ಇಟ್ಟಿದ್ದೇನೆ. ಮನೆಯಲ್ಲಿ ಜಾಸ್ತಿ ಚರ್ಚೆ ಆದದ್ದು ಇದರ ಬಗ್ಗೆಯೇ. ‘ಮೂರ್ತಿ ಇಲ್ಲದ ಕಡೆ ಅಷ್ಟು ಹೊತ್ತು ಏನು ಮಾಡೋದಮ್ಮ?’ ಅಂತ ಅತ್ತೆ ಕೇಳಿದರು. ನಾನು ಹಂಪಿಯ ವಿಜಯ ವಿಠಲನ ಗುಡಿ ನೆನಪು ಮಾಡಿದೆ. ಅಲ್ಲೂ ಗರ್ಭಗುಡಿ ಬರಿದು. ಆದರೂ ಅತ್ತೆ ಅಲ್ಲಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಹೋಗಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಅವಂತಿಪುರ. ಶ್ರೀನಗರದಿಂದ ಅನಂತನಾಗ್‌ಗೆ ಹೋಗುವ ದಾರಿಯಲ್ಲೇ, ಝೇಲಂ ದಡದಲ್ಲಿದೆ. 9ನೇ ಶತಮಾನದ ರಾಜ ಅವಂತಿವರ್ಮ ಇಲ್ಲಿ ವಿಷ್ಣುವಿಗೆ ಒಂದು, ಶಿವನಿಗೆ ಒಂದು ಗುಡಿ ಕಟ್ಟಿಸಿದ. ಅವನ ಕಾಲದಲ್ಲಿ ಸುಯ್ಯ ಅನ್ನುವ ಜಾಣ ಝೇಲಂ ಪ್ರವಾಹವನ್ನು ಪಳಗಿಸಿದ. ಇವತ್ತಿನ ಸೋಪೋರ್ ಊರಿಗೆ ಅವನದೇ ಹೆಸರು. ಗುಡಿಗಳು ಮಾತ್ರ ಶತಮಾನಗಳ ಕಾಲ ನದಿಯ ಹೂಳಿನಲ್ಲಿ ಮುಚ್ಚಿಹೋಗಿದ್ದವು. ಅಗೆದು ತೆಗೆದದ್ದು ಕಳೆದ ಶತಮಾನದಲ್ಲಿ. ಹೂಳು ಮುಚ್ಚಿದ್ದರಿಂದಲೇ ಕೆಳಗಿನ ಕೆತ್ತನೆ ಇಷ್ಟಾದರೂ ಉಳಿದಿದೆ. ಇದನ್ನು ನಾನು ತಾಯಿ ವಿತಸ್ತೆಯ ಕರುಣೆ ಅಂತಲೇ ತಿಳಿಯುತ್ತೇನೆ. ಝೇಲಂನ ಹಳೆಯ ಹೆಸರು ವಿತಸ್ತಾ.

ಮಧ್ಯಾಹ್ನ ಮಟ್ಟನ್. ಇಲ್ಲಿ ಒಂದು ಬುಗ್ಗೆ ಇದೆ, ಅದರ ನೀರು ಕೊಳಕ್ಕೆ ಬರುತ್ತದೆ, ಕೊಳದ ತುಂಬ ಮೀನು. ಹಿರಿಯರಿಗೆ ಪಿಂಡ ಇಡುವ ತೀರ್ಥ ಇದು. ಮಾವನವರ ಹೆಸರಿನಲ್ಲಿ ಅಲ್ಲಿ ಎಳ್ಳುನೀರು ಬಿಡಬೇಕು ಅಂತ ನಮ್ಮವರ ಆಸೆ.

ಇಳಿಹೊತ್ತಿಗೆ ಅಲ್ಲೇ ಮೇಲಿನ ಬಯಲಿಗೆ, ಮಾರ್ತಾಂಡನ ಗುಡಿಗೆ. 8ನೇ ಶತಮಾನದಲ್ಲಿ ಲಲಿತಾದಿತ್ಯ ಮುಕ್ತಾಪೀಡ ಕಟ್ಟಿಸಿದ ಸೂರ್ಯನ ಗುಡಿ. ನಡುವೆ ದೊಡ್ಡ ಗುಡಿ, ಸುತ್ತ ಅಂಗಳದ ಅಂಚಿನಲ್ಲಿ 84 ಚಿಕ್ಕ ಗುಡಿಗಳ ಸಾಲು, ಬಾಗಿಲಿಗೆ ಮೂರೆಲೆಯ ಆಕಾರದ ಕಮಾನು. ಮೇಲೆ ಚಾವಣಿ ಇಲ್ಲ. 15ನೇ ಶತಮಾನದ ಶುರುವಿನಲ್ಲಿ, ಸುಲ್ತಾನ ಸಿಕಂದರನ ಕಾಲದಲ್ಲಿ ಒಡೆದರು ಅನ್ನುತ್ತಾರೆ. ಈ ಗುಡಿಯ ಮುಖ ಪಶ್ಚಿಮಕ್ಕೆ. ಅದಕ್ಕೇ ನಾನು ಬೆಳಗ್ಗೆ ಬಿಟ್ಟು ಸಂಜೆಯನ್ನು ಆರಿಸಿದ್ದು. ಮುಳುಗುವ ಸೂರ್ಯ ಬಾಗಿಲಿಗೆ ನೇರ ಬರುತ್ತಾನೆ. ಬೇರೆ ಯಾವ ಪಾಳುಗುಡಿಗೆ ಈ ಭಾಗ್ಯ ಇದೆ ಹೇಳಿ? ಮೂರ್ತಿ ಹೋಯಿತು, ದೇವರು ದಿನಾ ಬರುತ್ತಲೇ ಇದ್ದಾನೆ. ಇದನ್ನು ಹೇಳಿದ ಮೇಲೆ ಅತ್ತೆ, ‘ಹಾಗಾದರೆ ಅಲ್ಲೇ ಕೂತು ಆದಿತ್ಯ ಹೃದಯ ಹೇಳ್ತೀನಿ’ ಅಂದರು.

ಅಂಥ ಕಡೆ ಕರ್ಪೂರ ಹಚ್ಚುವುದು, ಕಾಯಿ ಒಡೆಯುವುದು, ಕಲ್ಲಿಗೆ ಕುಂಕುಮ ಮೆತ್ತುವುದು ಬೇಡ. ಸಂರಕ್ಷಿತ ಸ್ಮಾರಕಗಳವು. ಚಪ್ಪಲಿ ಹೊರಗೆ ಬಿಟ್ಟು ಒಂದು ಪ್ರದಕ್ಷಿಣೆ ಬಂದು, ಮನಸ್ಸಿನಲ್ಲೇ ಅರ್ಘ್ಯ ಕೊಟ್ಟರೆ ಸಾಕು. ಹತ್ತು ನಿಮಿಷದಲ್ಲಿ ಫೋಟೋ ತೆಗೆದು ಕಾರು ಹತ್ತುವ ಜಾಗವಂತೂ ಅಲ್ಲ.

ಸಪ್ತಮಿಗೆ ಉತ್ತರದ ದಾರಿ. ಬಾರಾಮುಲ್ಲಾ ರಸ್ತೆಯಲ್ಲಿ ಪಟ್ಟಣ್ ಅನ್ನುವ ಊರಿನಲ್ಲಿ ಅವಂತಿವರ್ಮನ ಮಗ ಶಂಕರವರ್ಮನ ಕಾಲದ ಎರಡು ಶಿವನ ಗುಡಿಗಳಿವೆ. ಅಪ್ಪನ ಗುಡಿ ಹಿಂದಿನ ದಿನ, ಮಗನ ಗುಡಿ ಮರುದಿನ. ಆಮೇಲೆ ಸೋಪೋರ್, ಸೇಬಿನ ಕಾಲ ಬೇರೆ. ರಾತ್ರಿ ಕುಪ್ವಾರಾದಲ್ಲಿ ತಂಗುವುದು.

ಅಷ್ಟಮಿಯ ಬೆಳಿಗ್ಗೆ ಬೇಗ ಹೊರಟು, ಸಾಧನಾ ಪಾಸ್ ಹತ್ತಿ ಇಳಿಯಬೇಕು. ಹತ್ತು ಸಾವಿರ ಅಡಿಗಿಂತ ಎತ್ತರದ ಕಣಿವೆ ದಾರಿ. ಅತ್ತೆಗೆ ಉಸಿರು ಕಟ್ಟದ ಹಾಗೆ ನಿಧಾನಕ್ಕೆ ಹೋಗಬೇಕು, ಡಾಕ್ಟರ ಹತ್ತಿರ ಮೊದಲೇ ಕೇಳಿಕೊಂಡಿರಬೇಕು. ಗಡಿಯ ಊರಾದ್ದರಿಂದ ಎಲ್ಲರ ಗುರುತಿನ ಚೀಟಿ ಕೈಯಲ್ಲೇ ಇರಲಿ. ಹೊರಡುವ ಮುಂಚೆ ಅಲ್ಲಿನ ಪರಿಸ್ಥಿತಿ, ಅನುಮತಿ ಎರಡನ್ನೂ ವಿಚಾರಿಸಲೇಬೇಕು. ಹೋಗಬೇಡಿ ಅಂದರೆ ಹೋಗುವುದಿಲ್ಲ. ಕುಪ್ವಾರಾದಲ್ಲೇ ಕೂತು ಅಮ್ಮನನ್ನು ನೆನೆಯುತ್ತೇವೆ. ಯಾತ್ರೆಯಲ್ಲಿ ಹಟ ಸಲ್ಲದು. ಇನ್ನೊಂದು ಮಾತು, ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ತೀತ್ವಾಲ್‌ನಲ್ಲಿ ಕಿಶನ್‌ಗಂಗೆಯ ಈಚೆ ದಡ ನಮ್ಮದು, ಆಚೆ ದಡ ಆಚೆಯವರದು. ಪೀಠ ಇರುವ ಶಾರದಾ ಗ್ರಾಮ ನದಿಯ ಮೇಲ್ಭಾಗದಲ್ಲಿ ಬಹಳ ದೂರ, ಇಲ್ಲಿಂದ ಕಾಣುವುದಿಲ್ಲ. ಆದರೆ ಪೀಠದ ಹತ್ತಿರ ಹರಿದ ನೀರೇ ಇಲ್ಲಿಗೆ ಬರುವುದು. ಆ ನೀರಿಗೆ ಕೈ ಮುಗಿದು ಶಾರದೆಯ ಮುಂದೆ ಕೂತು, ಮಗಳ ಕೈಯಲ್ಲಿ ಮತ್ತೊಂದು ಸಲ ಓಂಕಾರ ಬರೆಸುವ ಆಸೆ ನನಗೆ. ಈಗ ಅವಳು ತಾನೇ ಬರೆಯುತ್ತಾಳೆ, ಕೈ ಹಿಡಿಯುವುದು ಬೇಕಿಲ್ಲ.

ವಾಪಸ್ ಬರುವಾಗ ತುಲಮುಲದ ಖೀರ್ ಭವಾನಿ. ಏಳು ಮೂಲೆಯ ಬುಗ್ಗೆ, ನಡುವೆ ರಾಗ್ಞಾ ದೇವಿ. ಲಂಕೆಯಿಂದ ಈ ತಾಯಿಯನ್ನು ಹನುಮಂತ ಕರೆತಂದ ಅಂತ ಅಲ್ಲಿನವರ ನಂಬಿಕೆ. 1898ರಲ್ಲಿ ಸ್ವಾಮಿ ವಿವೇಕಾನಂದರು ಇಲ್ಲಿ ಬಂದು ಪೂಜೆ ಮಾಡಿದ್ದರು. ಹಾಲು, ಪಾಯಸ ಇಲ್ಲಿನ ನೈವೇದ್ಯ. ಜ್ಯೇಷ್ಠ ಅಷ್ಟಮಿಯ ಮೇಳದಲ್ಲಿ ಹಣತೆ, ಹಾಲು ಮಾರುವವರಲ್ಲಿ ಸುತ್ತಲ ಊರಿನ ಮುಸ್ಲಿಮರೂ ಇರುತ್ತಾರೆ. ಮಾಂಸ ತಿಂದು ಆ ಗುಡಿಗೆ ಹೋಗುವ ಹಾಗಿಲ್ಲ. ನಮಗೆ ಊಟಕ್ಕೆ ‘ವೈಷ್ಣೋ ಧಾಬಾ’ ಬೋರ್ಡ್ ಕಂಡರೆ ಸಾಕು. ಹರಮುಖ ಪರ್ವತದ ಬುಡದ ನಾರಾನಾಗ್‌ನ ಶಿವಾಲಯಗಳಿಗೂ ಒಂದು ದಿನ ಬೇಕು ಅಂತ ನಾನು. ಶಂಕರಾಚಾರ್ಯ ಬೆಟ್ಟದ ಮೆಟ್ಟಿಲು ಹತ್ತಿಯೇ ಊರಿಗೆ ಹೊರಡಬೇಕು ಅಂತ ನಮ್ಮವರು. ಎರಡೂ ಹಿಡಿಸಬಹುದು ಅನಿಸುತ್ತಿದೆ.

ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. ಮೊದಲು ಶೃಂಗೇರಿಗೆ ಹೋಗಿ ಅಮ್ಮನಿಗೆ ಹೇಳಿ, ಅಲ್ಲಿನ ಕುಂಕುಮ ತೆಗೆದುಕೊಂಡು ಬರೋಣ, ಅದನ್ನೇ ತೀತ್ವಾಲ್‌ನಲ್ಲಿ ಒಪ್ಪಿಸೋಣ ಅಂದಿದ್ದಾರೆ ಅತ್ತೆ. ಬರುವ ಶುಕ್ರವಾರ ಹೊರಡುತ್ತಿದ್ದೇವೆ.