‘ಅಣ್ಣಾ, ಫ್ರೀ ಎಡಿಷನ್ ಸಾಕಾ?’ – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವರ್ಷಕ್ಕೆ ಹತ್ತು ಸಲವಾದರೂ ಈ ಫೋನ್ ಬರುತ್ತದೆ. ಮಾಡುವವರು ಹೆಚ್ಚಾಗಿ ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ಏನಾದರೂ ಮಾಡೋಣ ಅಂತ ನಿಂತ ಹುಡುಗರು. ಮೂರೋ ನಾಲ್ಕೋ ಜನ ಸೇರಿ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಮಹಡಿ ಮೇಲೊಂದು ರೂಮು ಹಿಡಿದಿರುತ್ತಾರೆ. ಬೋರ್ಡು ಬರೆಸಿ ಆಗಿರುತ್ತದೆ. ಆಮೇಲೆ ಕೇಳುತ್ತಾರೆ: “ಅಣ್ಣಾ, ವಿಷುಯಲ್ ಸ್ಟುಡಿಯೋ ಫ್ರೀದು ಸಾಕಾ, ಇಲ್ಲಾ ಪ್ರೊಫೆಷನಲ್ ತಗಳ್ಬೇಕಾ? ಎಂಟರ್‌ಪ್ರೈಸ್ ಅಂತ ಇನ್ನೊಂದೈತಲ್ಲ, ಅದ್ರಲ್ಲಿ ಏನೈತಿ?”

ವಿಷುಯಲ್ ಸ್ಟುಡಿಯೋ ಅಂದರೆ ಕೋಡ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಸಾಫ್ಟ್‌ವೇರ್. ಅದರ ಬಿಟ್ಟಿ ಎಡಿಷನ್ನಿಗೆ ಕಮ್ಯುನಿಟಿ ಅಂತ ಹೆಸರು, ಪ್ರೊಫೆಷನಲ್ ಮತ್ತು ಎಂಟರ್‌ಪ್ರೈಸ್ ದುಡ್ಡಿನವು. ನನ್ನದೂ ಸಣ್ಣ ಆಫೀಸೇ. ಐದು ಜನ ಕೋಡ್ ಬರೆಯುತ್ತೇವೆ. ಇನ್ನಿಬ್ಬರು ಸ್ಕೂಟರ್ ಹತ್ತಿ ಗಿರಾಕಿಗಳ ಹತ್ತಿರ ಓಡಾಡುತ್ತಾರೆ. ದಲಾಲಿ ಅಂಗಡಿ ಲೆಕ್ಕ, ರೈಸ್ ಮಿಲ್ ಸ್ಟಾಕು, ಶಾಲೆಯ ಫೀಸು, ಇಂಥವೇ ಕೆಲಸ. ಎಲ್ಲಾ ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ. ಹಾಗಾಗಿ ನನ್ನ ಉತ್ತರವೂ ಅದರ ಸುತ್ತಲೇ ಸುತ್ತುತ್ತದೆ. ಜಾವಾದವರು ಬೈಯಬೇಡಿ.

ಚಿಕ್ಕ ಉತ್ತರ ಇದು: ಕೋಡ್ ಬರೆಯುವವರು ಐದು ಜನ ಮೀರದೆ, ನಿಮ್ಮದೇ ಸಾಫ್ಟ್‌ವೇರ್ ಮಾಡಿ ಮಾರುತ್ತಿದ್ದರೆ ಕಮ್ಯುನಿಟಿ ಎಡಿಷನ್ ಸಾಕು. ಒಂದು ರೂಪಾಯಿ ಕೊಡಬೇಕಿಲ್ಲ. ಫೋನಿನಲ್ಲಿ ಇಷ್ಟು ಹೇಳಿದ ಕೂಡಲೇ “ಥ್ಯಾಂಕ್ಸ್ ಅಣ್ಣಾ” ಅಂತ ಇಟ್ಟುಬಿಡುತ್ತಾರೆ. ಆ ‘ನಿಮ್ಮದೇ’ ಅನ್ನುವ ಮಾತು ಕಿವಿಗೆ ಬಿದ್ದಿರುವುದೇ ಇಲ್ಲ. ಅದಕ್ಕೇ ಈ ಉದ್ದನೆಯ ಉತ್ತರ.

ನಾನು ಈ ಕೆಲಸ ಶುರು ಮಾಡಿದಾಗ ಇಂಥ ಪ್ರಶ್ನೆ ಯಾರಿಗೂ ಹುಟ್ಟುತ್ತಿರಲಿಲ್ಲ ಅನ್ನಿ. ಆಗ ಕೋಡ್ ಬರೆಯಲು ಬಳಸುತ್ತಿದ್ದ ವಿಷುಯಲ್ ಬೇಸಿಕ್ 6ರ ಸಿಡಿ ಕೈಯಿಂದ ಕೈಗೆ ದಾಟುತ್ತಿತ್ತು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಎಂಟರ್‌ಪ್ರೈಸ್ ಎಡಿಷನ್’ ಅಂತ ಬರೆದಿರುತ್ತಿತ್ತು. ಕದ್ದದ್ದೇ ಆದಮೇಲೆ ಸಣ್ಣದನ್ನು ಯಾಕೆ ಕದಿಯಬೇಕು, ಅಲ್ವಾ? ಊರಲ್ಲಿ ಎಲ್ಲರೂ ಎಂಟರ್‌ಪ್ರೈಸೇ! ಆಮೇಲೆ ವಿಷುಯಲ್ ಸ್ಟುಡಿಯೋದಲ್ಲಿ ಎಕ್ಸ್‌ಪ್ರೆಸ್ ಅಂತ ಬಿಟ್ಟಿ ಎಡಿಷನ್‌ಗಳು ಬಂದವು. ಅವುಗಳ ಕೈಕಾಲು ಕಟ್ಟಿಹಾಕಿದ್ದರು. ಹೆಚ್ಚಿನ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್ ಹಾಕುವಂತಿರಲಿಲ್ಲ. 2014ರ ನವೆಂಬರ್‌ನಲ್ಲಿ ಕಮ್ಯುನಿಟಿ ಎಡಿಷನ್ ಬಂದ ಮೇಲೆ ಆಟ ಬದಲಾಯಿತು. ಪ್ರೊಫೆಷನಲ್‌ನಲ್ಲಿ ಇದ್ದದ್ದೆಲ್ಲ ಹೆಚ್ಚುಕಡಿಮೆ ಇದರಲ್ಲೂ ಇತ್ತು.

ಹುಡುಗರು ಎಡವುವುದು ಇಲ್ಲಿಯೇ. ದುಡ್ಡು ಕೊಟ್ಟರೆ ಇನ್ನೂ ಏನೋ ಸಿಗುತ್ತದೆ ಅಂದುಕೊಳ್ಳುತ್ತಾರೆ. ಎರಡು ಎಡಿಷನ್‌ಗಳನ್ನೂ ಅಕ್ಕಪಕ್ಕ ಇಟ್ಟು ಯಾವ ಮೆನು ಜಾಸ್ತಿ ಇದೆ ಅಂತ ಹುಡುಕುತ್ತಾರೆ. ಕಮ್ಯುನಿಟಿಗೂ ಪ್ರೊಫೆಷನಲ್‌ಗೂ ಇರುವ ವ್ಯತ್ಯಾಸ ಮೆನುವಿನಲ್ಲಿ ಇಲ್ಲ. ಅದು ಇರುವುದು ಇನ್‌ಸ್ಟಾಲ್ ಮಾಡುವಾಗ ಓದದೆ ಒಪ್ಪಿಬಿಡುತ್ತೇವಲ್ಲ, ಆ ಲೈಸೆನ್ಸ್ ಕರಾರಿನಲ್ಲಿ. ನೀವು ಯಾರು, ಎಷ್ಟು ಜನ, ಯಾರ ಕೆಲಸ ಮಾಡುತ್ತಿದ್ದೀರಿ, ಇಷ್ಟನ್ನೇ ಅದು ಕೇಳುವುದು.

ಆ ಕರಾರಿನಲ್ಲಿ ‘ಎಂಟರ್‌ಪ್ರೈಸ್’ ಅನ್ನುವ ಪದಕ್ಕೆ ಒಂದು ಅರ್ಥ ಕೊಟ್ಟಿದ್ದಾರೆ. ಇಲ್ಲಿ ಅದು ಎಡಿಷನ್ನಿನ ಹೆಸರಲ್ಲ, ಸಂಸ್ಥೆಗೆ ಹೇಳುವ ಮಾತು. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ಬಳಕೆದಾರರು ಇರುವ ಸಂಸ್ಥೆ, ಇಲ್ಲವೇ ವರ್ಷದ ಆದಾಯ 10 ಲಕ್ಷ ಡಾಲರ್ ದಾಟುವ ಸಂಸ್ಥೆ. ‘ಮತ್ತು’ ಅಲ್ಲ, ‘ಅಥವಾ’. ಎರಡರಲ್ಲಿ ಒಂದಿದ್ದರೂ ನೀವು ಎಂಟರ್‌ಪ್ರೈಸ್. ಅಂಥವರು ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಡುವ) ಕೆಲಸ, ಕಲಿಕೆ, ಸಂಶೋಧನೆಯಂಥ ಕೆಲವನ್ನು ಬಿಟ್ಟು ಬೇರೆ ಯಾವುದಕ್ಕೂ ಕಮ್ಯುನಿಟಿ ಎಡಿಷನ್ ಬಳಸುವಂತಿಲ್ಲ.

ಈಗ ನಮ್ಮೂರಿಗೆ ಬನ್ನಿ. 10 ಲಕ್ಷ ಡಾಲರ್ ಅಂದರೆ ಎಂಟೊಂಬತ್ತು ಕೋಟಿ ರೂಪಾಯಿ. ಲಾಭವಲ್ಲ, ಆದಾಯ. ಭದ್ರಾ ನಾಲೆಯ ನೀರು ಸರಿಯಾಗಿ ಬಂದ ವರ್ಷ ಒಂದು ಸಾಧಾರಣ ರೈಸ್ ಮಿಲ್ ಕೂಡ ಇದನ್ನು ದಾಟಬಹುದು. ಹರಿಹರದ ಕಡೆಯ ಒಬ್ಬ ಮಿಲ್ ಸಾಹುಕಾರರು ಒಬ್ಬ ಹುಡುಗನನ್ನು ಸಂಬಳಕ್ಕಿಟ್ಟುಕೊಂಡು ತಮ್ಮ ಸ್ಟಾಕಿನ ಸಾಫ್ಟ್‌ವೇರ್ ತಾವೇ ಮಾಡಿಸಲು ಹೊರಟಿದ್ದರು. ಹುಡುಗ ಕಮ್ಯುನಿಟಿ ಎಡಿಷನ್ ಹಾಕಿಕೊಂಡು ಕೂತಿದ್ದ. ಇದು ನಡೆಯುವುದಿಲ್ಲ ಅಂತ ನಾನು ಹೇಳಿದಾಗ ಸಾಹುಕಾರರು ನಕ್ಕರು. “ಮೂರು ಕಂಪ್ಯೂಟರ್ ಅದಾವೆ, ಅದ್ರಾಗೆ ಒಂದು ಕೆಟ್ಟೈತಿ. ನಾನೆಂಥ ಎಂಟರ್‌ಪ್ರೈಸೋ ಮಾರಾಯ?” ಅಂದರು. ನನಗೂ ನಗು ಬಂತು. ಆದರೆ ಕರಾರಿನ ಪ್ರಕಾರ ಅವರು ಎಂಟರ್‌ಪ್ರೈಸೇ. ಮಹಡಿ ಮೇಲಿನ ರೂಮಿನಲ್ಲಿ ಏಳು ಜನ ಕೂತು ಹಗಲೂ ರಾತ್ರಿ ಕಂಪ್ಯೂಟರ್ ಕುಟ್ಟುವ ನಾವು ಅಲ್ಲ!

ಇದರ ಇನ್ನೊಂದು ಮಗ್ಗುಲು ನಮ್ಮಂಥವರಿಗೆ ಬೇಕಾದದ್ದು. ಕರಾರು ‘ನಿಮ್ಮ ನೌಕರರು ಮತ್ತು ಗುತ್ತಿಗೆದಾರರು’ ಅನ್ನುತ್ತದೆ. ಅಂದರೆ ಅದೇ ಸಾಹುಕಾರರು ನನ್ನನ್ನು ಕರೆದು, ‘ನಮ್ಮ ಮಿಲ್ಲಿಗೆ ಅಂತಲೇ ಒಂದು ಸಾಫ್ಟ್‌ವೇರ್ ಬರೆದುಕೊಡು, ಅದು ನಮ್ಮದು’ ಅಂದರೆ ನಾನು ಅವರ ಗುತ್ತಿಗೆದಾರ. ಆ ಕೆಲಸಕ್ಕೆ ಕೂರುವ ಹುಡುಗನಿಗೆ ಪ್ರೊಫೆಷನಲ್ ಬೇಕು. ಅದೇ ನಾನು ನನ್ನ ಸ್ವಂತ ಮಿಲ್ ಸಾಫ್ಟ್‌ವೇರ್ ಮಾಡಿ ಅವರಿಗೂ ಪಕ್ಕದ ಮಿಲ್ಲಿಗೂ ಮಾರಿದರೆ ಅದು ನನ್ನ ಸರಕು. ಆಗ ಗಿರಾಕಿ ಎಷ್ಟು ದೊಡ್ಡವನಾದರೂ ನನಗೆ ಕಮ್ಯುನಿಟಿ ಸಾಕು. ಬರೆಯುವ ಕೋಡ್ ಒಂದೇ, ಕೂರುವ ಕುರ್ಚಿಯೂ ಒಂದೇ. ಆ ಕೋಡ್ ಯಾರದ್ದು ಅನ್ನುವುದರ ಮೇಲೆ ಎಡಿಷನ್ ಬದಲಾಗುತ್ತದೆ. ಹಾಗಾಗಿ ಕೆಲಸದ ಆರ್ಡರ್ ಬಂದಾಗ ಕೊನೆಯ ಪುಟದಲ್ಲಿ ಸೋರ್ಸ್ ಕೋಡ್ ಯಾರಿಗೆ ಸೇರುತ್ತದೆ ಅಂತ ಬರೆದಿದ್ದಾರೆ ನೋಡಿ. ರೇಟು ಕೋಟ್ ಮಾಡುವ ಮೊದಲೇ ನೋಡಿ. ಇಲ್ಲದಿದ್ದರೆ ಆಮೇಲೆ ಲೈಸೆನ್ಸ್ ದುಡ್ಡು ಕೈಯಿಂದ ಹೋಗುತ್ತದೆ.

ಶಾಲೆ ಕಾಲೇಜು ನಡೆಸುವ ಟ್ರಸ್ಟ್‌ಗಳದ್ದೂ ಇದೇ ಕತೆ. ಲ್ಯಾಬಿನಲ್ಲಿ ಮಕ್ಕಳಿಗೆ ಕಲಿಸಲು ಎಷ್ಟು ಕಂಪ್ಯೂಟರ್‌ಗಾದರೂ ಕಮ್ಯುನಿಟಿ ಹಾಕಬಹುದು. ಆದರೆ ದೊಡ್ಡ ಟ್ರಸ್ಟ್ ತನ್ನ ಫೀಸಿನ ಸಾಫ್ಟ್‌ವೇರ್ ಅನ್ನು ಅದೇ ಲ್ಯಾಬಿನ ಮೇಷ್ಟ್ರ ಕೈಲಿ ಬರೆಸಿದರೆ ಅದು ಕಲಿಕೆ ಅಲ್ಲ.

ತಲೆ ಎಣಿಸುವುದು ಸುಲಭ. ವಿಷುಯಲ್ ಸ್ಟುಡಿಯೋ ತೆರೆದು ಕೋಡ್ ಬರೆಯುವವರು, ಅದರಲ್ಲೇ ಟೆಸ್ಟ್ ಮಾಡುವವರು ಲೆಕ್ಕಕ್ಕೆ. ನಮ್ಮ ಸ್ಕೂಟರ್ ಹುಡುಗರು ಅದನ್ನು ಮುಟ್ಟುವುದೇ ಇಲ್ಲ, ಅವರು ಲೆಕ್ಕಕ್ಕಿಲ್ಲ. ಐದು ಜನದವರೆಗೆ ಸರಿ.

“ಇಷ್ಟೆಲ್ಲ ಯಾಕಣ್ಣಾ, ವಿಎಸ್ ಕೋಡ್ ಹಾಕ್ಕೊಂಡ್ರೆ ಮುಗೀತಲ್ಲ” ಅನ್ನುವವರು ಇದ್ದಾರೆ. ವಿಎಸ್ ಕೋಡ್ ಮೈಕ್ರೋಸಾಫ್ಟ್‌ನದೇ ಇನ್ನೊಂದು ಸಣ್ಣ ಕೋಡ್ ಎಡಿಟರ್. ಒಳ್ಳೆಯದೇ, ನಮ್ಮ ಆಫೀಸಿನಲ್ಲೂ ಇದೆ. ವೆಬ್ ಕೆಲಸಕ್ಕೆ ನಾನೂ ಅದನ್ನೇ ತೆರೆಯುತ್ತೇನೆ. ದೊಡ್ಡ ಕಂಪನಿಯೂ ಬಿಟ್ಟಿಯಾಗಿ ಬಳಸಬಹುದು. ಆದರೆ ಡಾಟ್‌ನೆಟ್‌ನ ಭಾಷೆಯಾದ ಸಿ ಶಾರ್ಪ್ ಬರೆಯುವವರು ಸಾಮಾನ್ಯವಾಗಿ ಅದಕ್ಕೆ ಸಿ ಶಾರ್ಪ್ ಡೆವ್ ಕಿಟ್ ಅನ್ನುವ ಎಕ್ಸ್‌ಟೆನ್ಷನ್ ಸೇರಿಸುತ್ತಾರೆ. ಅದಕ್ಕೆ ಮತ್ತೆ ವಿಷುಯಲ್ ಸ್ಟುಡಿಯೋದ್ದೇ ಲೈಸೆನ್ಸ್ ಲೆಕ್ಕ. ಮುಂಬಾಗಿಲಿನಿಂದ ಆಚೆ ಹೋಗಿ ಹಿತ್ತಲ ಬಾಗಿಲಿನಿಂದ ಅದೇ ಮನೆಗೆ ಬಂದ ಹಾಗೆ. ಬರೀ ಮಾಮೂಲಿ ಸಿ ಶಾರ್ಪ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಆ ತೊಂದರೆ ಇಲ್ಲ.

ಡಾಟ್‌ನೆಟ್ ಕೋಡ್ ಬರೆಯಲು ಇರುವ ಇನ್ನೊಂದು ಸಾಫ್ಟ್‌ವೇರ್, ಜೆಟ್‌ಬ್ರೇನ್ಸ್ ಕಂಪನಿಯ ರೈಡರ್, 2024ರ ಅಕ್ಟೋಬರ್‌ನಿಂದ ಫ್ರೀ ಆಗಿದೆ. ಆದರೆ ವ್ಯಾಪಾರಕ್ಕಲ್ಲದ ಕೆಲಸಕ್ಕೆ ಮಾತ್ರ. ನೀವು ಬಿಲ್ ಹರಿಯುತ್ತೀರಿ ಅಂದರೆ ದುಡ್ಡು ಕೊಡಬೇಕು. ಅಷ್ಟೇ.

ಇನ್ನು ಎಂಟರ್‌ಪ್ರೈಸ್ ಎಡಿಷನ್. ಇದರಲ್ಲಿ ಮಾತ್ರ ನಿಜವಾಗಿಯೂ ಹೆಚ್ಚಿನ ಸಾಮಾನಿದೆ. ಪ್ರೋಗ್ರಾಂ ಓಡಿದ ದಾರಿಯನ್ನು ಹಿಂದಕ್ಕೆ ತಿರುಗಿ ನೋಡುವ ಇಂಟೆಲಿಟ್ರೇಸ್ ಇದೆ. ಕೋಡ್ ಬರೆಯುತ್ತಿರುವಾಗಲೇ ಹಿಂದಿನಿಂದ ಯುನಿಟ್ ಟೆಸ್ಟ್ (ಕೋಡಿನ ಒಂದೊಂದು ತುಂಡನ್ನೂ ಪರೀಕ್ಷಿಸುವ ಸಣ್ಣ ಕೋಡ್) ಓಡಿಸುವ ಸೌಲಭ್ಯ ಇದೆ. ಚೆನ್ನಾಗಿವೆ. ಫೋನ್ ಮಾಡಿದವರನ್ನು ಮಾತ್ರ ನಾನು ಒಂದು ಕೇಳುತ್ತೇನೆ: ನಿಮ್ಮ ಹತ್ತಿರ ಈಗ ಎಷ್ಟು ಯುನಿಟ್ ಟೆಸ್ಟ್ ಇವೆ? ಆ ಕಡೆಯಿಂದ ಸದ್ದೇ ಇರುವುದಿಲ್ಲ. ಟೆಸ್ಟ್ ಬರೆಯದವನಿಗೆ ಟೆಸ್ಟ್ ಓಡಿಸುವ ಯಂತ್ರ ಯಾಕೆ? ಸಣ್ಣ ತಂಡಕ್ಕೆ ಎಂಟರ್‌ಪ್ರೈಸ್ ಬೇಡ ಅಂತಲೇ ನನ್ನ ಖಚಿತ ಅಭಿಪ್ರಾಯ.

ನಾನು ಎಡಿಷನ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ನನ್ನದೇ ಒಂದು ಎಡವಟ್ಟು. ಅದು ವಿಷುಯಲ್ ಸ್ಟುಡಿಯೋದಲ್ಲಿ ಅಲ್ಲ, ಡೇಟಾಬೇಸಿನಲ್ಲಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೆವಲಪರ್ ಎಡಿಷನ್ ಅಂತ ಒಂದಿದೆ. 2016ರಿಂದ ಅದು ಬಿಟ್ಟಿ. ಅದರಲ್ಲಿ ಎಲ್ಲಾ ಸೌಲಭ್ಯವೂ ಇರುತ್ತದೆ. ಷರತ್ತು ಒಂದೇ, ಕೋಡ್ ಬರೆಯಲು ಮತ್ತು ಟೆಸ್ಟ್ ಮಾಡಲು ಮಾತ್ರ. ಗಿರಾಕಿಯ ನಿಜವಾದ ಲೆಕ್ಕ ಅದರಲ್ಲಿ ಓಡಿಸುವಂತಿಲ್ಲ. ನಾವು ಏನು ಮಾಡಿದೆವು ಅಂದರೆ, ಒಂದು ದಲಾಲಿ ಅಂಗಡಿಯಲ್ಲಿ ಅವಸರಕ್ಕೆ ನಮ್ಮ ಪೆನ್‌ಡ್ರೈವಿನಲ್ಲಿದ್ದ ಡೆವಲಪರ್ ಎಡಿಷನ್ನನ್ನೇ ಹಾಕಿ ಬಂದೆವು. ಮೆಕ್ಕೆಜೋಳದ ಸೀಸನ್, ಅಂಗಡಿಯವರು ಕೂತುಕೊಳ್ಳಲೂ ಬಿಡುತ್ತಿರಲಿಲ್ಲ. ಆಮೇಲೆ ಬದಲಾಯಿಸೋಣ ಅಂದುಕೊಂಡೆವು. ಆ ‘ಆಮೇಲೆ’ ಬರಲು ಒಂದೂವರೆ ವರ್ಷ ಹಿಡಿಯಿತು.

ಕೊನೆಗೆ ಎಸ್‌ಕ್ಯೂಎಲ್ ಸರ್ವರ್‌ನದೇ ಎಕ್ಸ್‌ಪ್ರೆಸ್ ಎಡಿಷನ್‌ಗೆ ಬದಲಾಯಿಸಿದೆವು. ಅದು ಬಿಟ್ಟಿ, ಗಿರಾಕಿಯ ಲೆಕ್ಕವನ್ನೂ ಓಡಿಸಬಹುದು. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ದಲಾಲಿ ಅಂಗಡಿಯ ಲೆಕ್ಕಕ್ಕೆ ಅದು ಧಾರಾಳ. ಎಲ್ಲಾ ಸರಿಯಾಗಿ ನಡೆಯಿತು ಅಂದುಕೊಂಡೆವು. ನಲವತ್ತು ದಿನ ಆದಮೇಲೆ ನಮ್ಮ ಸ್ಕೂಟರ್ ಹುಡುಗ ಬೇರೆ ಏನೋ ಕೆಲಸಕ್ಕೆ ಹೋದವನು ಅಲ್ಲಿಂದಲೇ ಫೋನ್ ಮಾಡಿದ. “ಸರ್, ಬ್ಯಾಕಪ್ ಫೋಲ್ಡರ್‌ನಲ್ಲಿ ಕೊನೇ ಫೈಲು ನಾವು ಬದಲಾಯಿಸಿದ ದಿನದ್ದೇ ಐತಿ.”

ಆಗಿದ್ದು ಇಷ್ಟು. ರಾತ್ರಿ ತಾನೇ ಬ್ಯಾಕಪ್ ತೆಗೆಯುವ ಕೆಲಸವನ್ನು ನಾವು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್‌ಗೆ ವಹಿಸಿದ್ದೆವು. ಎಕ್ಸ್‌ಪ್ರೆಸ್‌ನಲ್ಲಿ ಆ ಏಜೆಂಟ್ ಇರುವುದಿಲ್ಲ. ನಲವತ್ತು ದಿನದ ಜೋಳದ ಲೆಕ್ಕ, ರೈತರಿಗೆ ಕೊಟ್ಟ ದುಡ್ಡು, ಎಲ್ಲಾ ಒಂದೇ ಹಾರ್ಡ್ ಡಿಸ್ಕಿನ ಮೇಲೆ ಕೂತಿತ್ತು. ಪುಣ್ಯಕ್ಕೆ ಡಿಸ್ಕ್ ಕೈಕೊಡಲಿಲ್ಲ. ಅವತ್ತೇ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಬ್ಯಾಕಪ್ ಸಾಲು ಬರೆದು ಹಾಕಿಸಿದೆ. ನನ್ನ ಮೈ ಮಾತ್ರ ಸಂಜೆಯವರೆಗೂ ಬೆವರುತ್ತಿತ್ತು. ಅಂಗಡಿಯವರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಅವರು ಇದನ್ನು ಓದುವುದಿಲ್ಲ ಅಂತ ನಂಬಿದ್ದೇನೆ.

ಈಗ ನಮ್ಮಲ್ಲಿ ಒಂದು ರೂಢಿ. ಗಿರಾಕಿಯ ಹತ್ತಿರ ಯಾವ ಎಡಿಷನ್ ಓಡುತ್ತದೋ, ನಮ್ಮ ಟೆಸ್ಟ್ ಕಂಪ್ಯೂಟರ್‌ನಲ್ಲೂ ಅದೇ ಇರಬೇಕು. ಕೋಡ್ ಬರೆಯುವವರ ಹತ್ತಿರ ಏನಾದರೂ ಇರಲಿ.

ದುಡ್ಡಿನ ಮಾತು. ಪ್ರೊಫೆಷನಲ್‌ಗೆ ತಿಂಗಳ ಚಂದಾ ತಲೆಗೆ 45 ಡಾಲರ್ ಇದ್ದ ದರ ಹಿಡಿದು ಲೆಕ್ಕ ಹಾಕಿ. ನಾಲ್ಕು ಜನಕ್ಕೆ ವರ್ಷಕ್ಕೆ 2,160 ಡಾಲರ್. ಅದರ ಮೇಲೆ 18% ಜಿಎಸ್‌ಟಿ. ರೂಪಾಯಿಯಲ್ಲಿ ಎರಡು ಲಕ್ಷ ದಾಟುತ್ತದೆ. ತಿಂಗಳ ಚಂದಾ ನಿಲ್ಲಿಸಿದರೆ ಬಳಸುವ ಹಕ್ಕೂ ನಿಲ್ಲುತ್ತದೆ. ಒಂದೇ ಸಲ 499 ಡಾಲರ್ ಕೊಟ್ಟು ತೆಗೆದುಕೊಂಡು, ಆ ಆವೃತ್ತಿಯನ್ನು ಎಷ್ಟು ದಿನವಾದರೂ ಬಳಸುವ ದಾರಿಯೂ ಇತ್ತು. ವರ್ಷದ ಚಂದಾದ ಜೊತೆ ಬರುವ ಅಜುರ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ) ಕ್ರೆಡಿಟ್, ಟೆಸ್ಟ್ ಮಾಡಲು ವಿಂಡೋಸ್ ಸರ್ವರ್, ಇವೆಲ್ಲ ಅದರಲ್ಲಿ ಬರುವುದಿಲ್ಲ. ನಮ್ಮಂಥವರಿಗೆ ಅದು ಪರವಾಗಿಲ್ಲ. ಒಂದಿಬ್ಬರಿಗೆ ಮಾತ್ರ ಬೇಕಾದರೆ ಮೊದಲು ಇದನ್ನು ವಿಚಾರಿಸಿ. ದರಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನ ಡೀಲರ್ ಹತ್ತಿರ ಕೊಟೇಶನ್ ತರಿಸಿಕೊಳ್ಳಿ.

ನಿಮಗೆ ಕಮ್ಯುನಿಟಿ ಎಡಿಷನ್ನೇ ಸಾಕಾದರೆ ಆ ಎರಡು ಲಕ್ಷವನ್ನು ಯುಪಿಎಸ್‌ಗೆ ಹಾಕಿ, 32 ಜಿಬಿ ರ್‍ಯಾಮಿಗೆ ಹಾಕಿ. ಕೋಡ್ ಇಡಲು ಗಿಟ್‌ಹಬ್ ಫ್ರೀ ಪ್ಲಾನ್ ಇದೆ. 2020ರಿಂದ ಅದರ ಖಾಸಗಿ ರೆಪೊಗಳಿಗೂ (ಕೋಡ್ ಇಡುವ ಕಪಾಟು ಅನ್ನಿ) ಎಷ್ಟು ಜನ ಬೇಕಾದರೂ ಸೇರಬಹುದು. ಮೈಕ್ರೋಸಾಫ್ಟ್‌ನ ಇಂಥದ್ದೇ ಸೇವೆ ಅಜುರ್ ಡೆವಾಪ್ಸ್‌ನಲ್ಲಿ ಮೊದಲ ಐದು ಜನ ಬಿಟ್ಟಿ. ಇಲ್ಲೂ ಐದೇ ನೋಡಿ.

ಇನ್ನೊಂದು ಮಾತು ಮರೆತಿದ್ದೆ, ಇದನ್ನು ಯಾರೂ ಕೇಳುವುದಿಲ್ಲ. ಚಂದಾ ಕೊಂಡರೆ ಅದು ಒಬ್ಬ ವ್ಯಕ್ತಿಯ ಹೆಸರಿಗೆ ಇರುತ್ತದೆ, ಕಂಪ್ಯೂಟರ್‌ಗೆ ಅಲ್ಲ. ಆ ಒಬ್ಬ ತನ್ನ ಆಫೀಸ್ ಕಂಪ್ಯೂಟರ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಹಾಕಿಕೊಳ್ಳಬಹುದು. ಅವನು ಬಿಟ್ಟುಹೋದರೆ ಇನ್ನೊಬ್ಬರ ಹೆಸರಿಗೆ ಬದಲಾಯಿಸಬಹುದು. ಆದರೆ ಆ ಹುಡುಗನ ಸ್ವಂತ ಜಿಮೇಲ್‌ನಿಂದ ಖಾತೆ ತೆರೆದಿದ್ದರೆ ಬದಲಾಯಿಸುವುದು ದೊಡ್ಡ ರಾಮಾಯಣ. ನಮ್ಮೂರಲ್ಲಿ ಕೆಲಸ ಕಲಿತ ಹುಡುಗ ಎರಡು ವರ್ಷಕ್ಕೆ ಬೆಂಗಳೂರಿಗೆ ಹೋಗುವುದು ಮಾಮೂಲಿ. ಹೋಗಲಿ, ಒಳ್ಳೆಯದಾಗಲಿ. ಖಾತೆಗಳು ಮಾತ್ರ ಆಫೀಸಿನ ಮೇಲ್ ಐಡಿಯಲ್ಲೇ ಇರಲಿ.

ಹೋದ ವಾರ ಮತ್ತೆ ಒಬ್ಬ ಹುಡುಗ ಫೋನ್ ಮಾಡಿದ್ದ. ಎಲ್ಲಾ ಹೇಳಿದೆ. ಕೇಳಿ ಮುಗಿಸಿ, “ಅಣ್ಣಾ, ನೀವು ಯಾವುದು ಇಟ್ಕೊಂಡಿದ್ದೀರಿ?” ಅಂದ. ಇಷ್ಟು ವರ್ಷದಲ್ಲಿ ಇದನ್ನು ಕೇಳಿದವನು ಅವನೊಬ್ಬನೇ. ಐದು ಜನ ಇದ್ದೇವೆ, ಕಮ್ಯುನಿಟಿ ಅಂದೆ. ಆದರೆ ಬರುವ ಒಂದನೇ ತಾರೀಖಿಗೆ ಹೊಸ ಹುಡುಗಿಯೊಬ್ಬಳು ಕೋಡ್ ಬರೆಯಲು ಸೇರುತ್ತಿದ್ದಾಳೆ. ಟೇಬಲ್ ಬಂದಿದೆ, ಕುರ್ಚಿ ಬಂದಿದೆ. ಡೀಲರ್ ಕೊಟೇಶನ್ ಇನ್ನೂ ಬಂದಿಲ್ಲ. ಈ ಸಲ ಫೋನ್ ಮಾಡಬೇಕಾದವನು ನಾನು.