4.35 ಫ್ಯಾಟ್ ಹಾಲಿಗೆ 4.30ರ ದರ ಬಿದ್ದಿದ್ದು

ಹಳ್ಳಿ ಡೇರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅಲ್ಲಿ ಹಾಲಿನ ಫ್ಯಾಟ್ (ಕೊಬ್ಬಿನ ಶೇಕಡಾ ಪ್ರಮಾಣ) ನೋಡಿ ದರ ಹಾಕುತ್ತಾರೆ. ಒಂದು ದಿನ ಬೆಳಿಗ್ಗೆ ಒಂದು ಡೇರಿಯ ಕಾರ್ಯದರ್ಶಿ ಫೋನ್ ಮಾಡಿದರು. "ಸರ್, ಇಲ್ಲೊಬ್ಬ ಅಮ್ಮ ಚೀಟಿ ಹಿಡ್ಕೊಂಡು ನಿಂತಿದ್ದಾರೆ. ಫ್ಯಾಟ್ 4.35 ಬಂದಿದೆ, ದರ ಮಾತ್ರ 4.30ರದ್ದು ಯಾಕೆ ಹಾಕಿದ್ರಿ ಅಂತ ಕೇಳ್ತಿದ್ದಾರೆ."

ದರಪಟ್ಟಿ ತುಂಬುವಾಗ ಎಲ್ಲೋ ತಪ್ಪಾಗಿರಬೇಕು ಅಂದುಕೊಂಡೆ. ಪಟ್ಟಿ ಸರಿಯಾಗೇ ಇತ್ತು. ತಪ್ಪಿದ್ದದ್ದು ನಾನು ಬರೆದ ಒಂದು ಸಾಲಿನಲ್ಲಿ.

ಹಾಲು ಪರೀಕ್ಷೆ ಮಾಡುವ ಮಿಷನ್ ಫ್ಯಾಟನ್ನು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ, ಕಳಿಸುತ್ತದೆ. ನಮ್ಮ ದರಪಟ್ಟಿಯಲ್ಲಿ ಅದು ನೂರು ಪಟ್ಟು ಮಾಡಿದ 400, 405, 410 ಹೀಗೆ ಪೂರ್ಣಾಂಕ. ನಡುವಿನ ಅಂಕಿ ಬಂದರೆ ಕೆಳಗಿನ ಮೆಟ್ಟಿಲಿನ ದರ. ನಾನು ಬರೆಯುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್. ಅದರಲ್ಲಿ ಪೂರ್ಣಾಂಕ ಮಾಡಿಕೊಡುವ ಇಂಟ್‌ಗೆ "4.35" ಅಂತ ಸ್ಟ್ರಿಂಗನ್ನೇ ಕೊಟ್ಟರೆ ಎರರ್ ಬರುತ್ತದೆ, ಚುಕ್ಕಿ ಇರುವ ಸ್ಟ್ರಿಂಗನ್ನು ಅದು ಒಪ್ಪುವುದಿಲ್ಲ. ಹಾಗಾಗಿ ಮೊದಲು ಫ್ಲೋಟ್ (ಚುಕ್ಕಿ ಇರುವ ಸಂಖ್ಯೆ) ಮಾಡಿ, 100ರಿಂದ ಗುಣಿಸಿ, ಆಮೇಲೆ ಇಂಟ್ ಮಾಡಿದ್ದೆ. ಎರರ್ ಹೋಯಿತು. ಕೆಲಸ ಮುಗಿಯಿತು ಅಂದುಕೊಂಡೆ.

ಆದರೆ ಕಂಪ್ಯೂಟರ್ ಫ್ಲೋಟನ್ನು ಎರಡರ ಘಾತಗಳಲ್ಲಿ ಇಡುತ್ತದೆ. 4.35 ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಇರುತ್ತದೆ. 100ರಿಂದ ಗುಣಿಸಿದಾಗ ಬಂದದ್ದು 434.99999999999994. ಇಂಟ್ ಹತ್ತಿರದ ಅಂಕಿಗೆ ಹೋಗುವುದಿಲ್ಲ, ಚುಕ್ಕಿಯ ನಂತರದ್ದನ್ನು ಸುಮ್ನೆ ಕತ್ತರಿಸಿ ಹಾಕುತ್ತದೆ. ಉಳಿದದ್ದು 434. ದರ 430ರದ್ದು.

4.00ರಿಂದ 4.95ರವರೆಗಿನ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಓಡಿಸಿ ನೋಡಿದೆ. 4.10, 4.35, 4.60, 4.85, ಈ ನಾಲ್ಕೇ ಬೀಳುತ್ತಿದ್ದವು. ಉಳಿದ ಹದಿನಾರೂ ಸರಿ. ನಾನು ಟೆಸ್ಟ್ ಮಾಡಿದ್ದು 4.00, 4.20, 4.50 ಇಟ್ಟುಕೊಂಡು. ಸಿಕ್ಕಿಬೀಳುವುದಾದರೂ ಹೇಗೆ, ಅಲ್ವಾ?

ಈಗ ಸ್ಟ್ರಿಂಗನ್ನು ನೇರವಾಗಿ, ಸಂಖ್ಯೆಯನ್ನು ಹತ್ತರ ಲೆಕ್ಕದಲ್ಲೇ ಇಡುವ ಡೆಸಿಮಲ್‌ಗೆ ಕೊಡುತ್ತೇನೆ. ಇಲ್ಲೂ ಒಂದು ಗುಂಡಿ ಇದೆ: ಮೊದಲು ಫ್ಲೋಟ್ ಮಾಡಿ ಆಮೇಲೆ ಡೆಸಿಮಲ್ ಮಾಡಿದರೆ ಅದೇ ಕೊರತೆ ಹಾಗೇ ಒಳಗೆ ಬರುತ್ತದೆ, ಉತ್ತರ ಮತ್ತೆ 434. ಸ್ಟ್ರಿಂಗ್‌ನಿಂದಲೇ ಹೋಗಬೇಕು.

ಕೈಯಲ್ಲಿ ಟೈಪ್ ಮಾಡುವ ಡೇರಿಗಳಲ್ಲಿ ಕೆಲವರು ಕನ್ನಡ ಅಂಕಿಯಲ್ಲೇ ೪.೩೫ ಅಂತ ಹಾಕುತ್ತಾರೆ. ಪೈಥಾನ್ ಅದನ್ನು ತಕರಾರಿಲ್ಲದೆ ಓದುತ್ತದೆ, ನನಗೆ ತುಂಬಾ ಖುಷಿಯಾದ ವಿಷಯ ಇದು. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಅಲ್ಲಿ ಅಂಕಿಗಳನ್ನು ಮೊದಲು ನಾವೇ ಬದಲಾಯಿಸಿಕೊಳ್ಳಬೇಕು.

ಆ ಸಾಲು ತಿದ್ದಲು ಐದು ನಿಮಿಷ ಸಾಕಾಯಿತು. ಹಳೆಯ ಬಿಲ್ಲುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಲು ಎರಡು ದಿನ ಬೇಕಾಯಿತು. ಕಡಿಮೆ ಬಿದ್ದವರ ಪಟ್ಟಿಯನ್ನು ಕಾರ್ಯದರ್ಶಿಯವರಿಗೆ ಕಳಿಸಿದೆ. ಮುಂದಿನ ಬಟವಾಡೆಯಲ್ಲಿ ಬಾಕಿ ಸೇರಿಸಿ ಕೊಟ್ಟರು, ಚೀಟಿಯಲ್ಲಿ ಅದಕ್ಕೇ ಬೇರೆ ಸಾಲು ಹಾಕಿಸಿ.