ಲ್ಯಾಬ್ ಇಲ್ಲದವರ ಲ್ಯಾಬ್

ಇವತ್ತು ಕ್ಲಾಸಿನಲ್ಲಿ ನ್ಯಾನೊಹಬ್ ಎಂಬ ಜಾಲತಾಣ ತೆರೆದು ಪಿಎನ್ ಜಂಕ್ಷನ್, ಅಂದರೆ ಎರಡು ಬಗೆಯ ಅರೆವಾಹಕಗಳು ಕೂಡುವ ಜಾಗದ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಅನುಕರಣೆ) ಓಡಿಸಿದೆವು. ಡೋಪಿಂಗ್ (ಬೇಕೆಂದೇ ಬೆರೆಸುವ ಕಲ್ಮಶ) ಹೆಚ್ಚಿಸಿದಂತೆ ಡಿಪ್ಲೀಶನ್ ಪದರ, ಅಂದರೆ ಆ ಕೂಡುಜಾಗದಲ್ಲಿ ವಿದ್ಯುತ್ ಒಯ್ಯುವ ಕಣಗಳು ಬರಿದಾದ ಪಟ್ಟಿ, ಕಿರಿದಾಗುವುದನ್ನು ಕಂಡು ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದರು.

ನ್ಯಾನೊಹಬ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೆಲಸ. ಅಲ್ಲಿನ ಕಂಪ್ಯೂಟೇಶನಲ್ ನ್ಯಾನೊಟೆಕ್ನಾಲಜಿ ಜಾಲಕ್ಕೆ 2002ರಲ್ಲಿ ಅವರ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಟ್ಟಿತು, ಮುಂದೆಯೂ ವರ್ಷಗಟ್ಟಲೆ ಕೈಬಿಡಲಿಲ್ಲ. ಲೆಕ್ಕವೆಲ್ಲ ದೂರದ ಸರ್ವರ್‌ಗಳಲ್ಲಿ ನಡೆಯುತ್ತದೆ. ನಮಗೆ ಬೇಕಿರುವುದು ಬ್ರೌಸರ್ ಮತ್ತು ಒಂದು ಉಚಿತ ಖಾತೆ, ಅಷ್ಟೇ. ಚಿಪ್ ತಯಾರಿಸುವ ಧೂಳಿಲ್ಲದ ಕೋಣೆ, ಅಂದರೆ ಕ್ಲೀನ್‌ರೂಮ್, ಕನಸಿನಲ್ಲೂ ಕಾಣದ ನಮ್ಮಂಥ ಕಾಲೇಜಿಗೆ ಇದು ದೊಡ್ಡ ಉಪಕಾರ.

ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಗಾತ್ರದಲ್ಲಿ ಸಿಮ್ಯುಲೇಶನ್ ಇಲ್ಲದೆ ನಡೆಯುವುದೂ ಇಲ್ಲ. ಸಿಲಿಕಾನ್ ಹರಳಿನ ಮೂಲ ಘಟಕದ ಅಗಲ ಸುಮಾರು 0.54 ನ್ಯಾನೊಮೀಟರ್. ಅಂದರೆ 5 ನ್ಯಾನೊಮೀಟರ್ ದಪ್ಪದ ತಂತಿಯ ಅಡ್ಡಗಲಕ್ಕೆ ಹತ್ತು ಘಟಕಗಳೂ ಹಿಡಿಸುವುದಿಲ್ಲ. ಅಲ್ಲಿ ಎಲೆಕ್ಟ್ರಾನು ತಡೆಯುವ ಶಕ್ತಿಯ ಗೋಡೆಯನ್ನೇ ತೂರಿ ಆಚೆ ಹೋಗಬಲ್ಲದು, ಹಳೆಯ ಸಮೀಕರಣಗಳು ಸಾಲವು. ಕ್ವಾಂಟಮ್ ಸಿದ್ಧಾಂತದಿಂದಲೇ ಲೆಕ್ಕ ಶುರುಮಾಡಬೇಕು. ಪರ್ಡ್ಯೂನಲ್ಲೇ ಇರುವ, ಖರಗ್‌ಪುರ ಐಐಟಿಯಲ್ಲಿ ಓದಿದ ಸುಪ್ರಿಯೊ ದತ್ತಾ ಆ ದಾರಿಯನ್ನು ಗಟ್ಟಿಮಾಡಿದವರಲ್ಲಿ ಪ್ರಮುಖರು.

ಕ್ಲಾಸು ಮುಗಿದಾಗಿನಿಂದ ಒಂದೇ ಯೋಚನೆ. ಯಂತ್ರ ಕೊಳ್ಳಲು ಅನುದಾನ ಕೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದನ್ನು ತೋರಿಸಬಹುದು, ಉದ್ಘಾಟನೆ ಮಾಡಬಹುದು. ಆದರೆ ಇಂಥ ಸಾಫ್ಟ್‌ವೇರ್ ಬರೆದ ಪಿಎಚ್‌ಡಿ ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೆ ಆ ಕೋಡ್ ನೋಡಿಕೊಳ್ಳುವವರಿಗೆ ಸಂಬಳ ಕೊಡುವುದೂ ಸಂಶೋಧನೆಯ ಖರ್ಚೇ. ನಮ್ಮ ವಿಶ್ವವಿದ್ಯಾಲಯಗಳ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇರಲೇಬೇಕು ಅನ್ನಿಸುತ್ತದೆ. ನಾಳೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಸಿಮ್ಯುಲೇಶನ್ ಓಡಿಸುತ್ತೇವೆ.